ಸೇತುವೆಯ ಆ ಕಡೆಯ ತರಗತಿ

ಊರಿಂದ ನೆಂಟರು ಬಂದರೆ ಬಾಸ್ಟನ್ ತೋರಿಸೋದು ಅಂದ್ರೆ ನನಗೆ ಬಾಯಿಪಾಠ ಆಗಿಹೋಗಿದೆ. ಮೊದಲು ಹಾರ್ವರ್ಡ್ ಅಂಗಳ, ಅಲ್ಲಿ ಜಾನ್ ಹಾರ್ವರ್ಡ್ ಪ್ರತಿಮೆಯ ಬೂಟು ಮುಟ್ಟಿ ಒಂದು ಫೋಟೋ, ಆಮೇಲೆ ಕಾಫಿ, ಆಮೇಲೆ ಚಾರ್ಲ್ಸ್ ನದಿಯ ದಡದಲ್ಲಿ ಒಂದು ಸುತ್ತು. ಮೊನ್ನೆ ಬಂದಿದ್ದವನು ನನ್ನ ಇಂಜಿನಿಯರಿಂಗ್ ಕಾಲೇಜಿನ ಗೆಳೆಯ. ಅವನಿಗೆ ಬೂಟಿಗಿಂತ ಬಿಸಿನೆಸ್ ಸ್ಕೂಲ್ ನೋಡುವ ಆಸೆ. ಸರಿ ಅಂತ ವೀಕ್ಸ್ ಸೇತುವೆ ದಾಟಿಸಿ ಕರೆದುಕೊಂಡು ಹೋದೆ.

ಈ ವೀಕ್ಸ್ ಸೇತುವೆ ನಡೆದುಹೋಗುವವರಿಗೆ ಮಾತ್ರ. ಕಟ್ಟಿದ್ದು 1927ರಲ್ಲಿ. ಈ ಕಡೆ ಕೇಂಬ್ರಿಡ್ಜ್, ಹಾರ್ವರ್ಡಿನ ಹಳೇ ಕಟ್ಟಡಗಳು. ಆ ಕಡೆ ಬಾಸ್ಟನ್, ಹಾರ್ವರ್ಡ್ ಬಿಸಿನೆಸ್ ಸ್ಕೂಲ್. ಜಾರ್ಜ್ ಎಫ್. ಬೇಕರ್ ಎಂಬ ಬ್ಯಾಂಕರ್ 50 ಲಕ್ಷ ಡಾಲರ್ ಕೊಟ್ಟಿದ್ದರಿಂದ ಅದೇ ವರ್ಷ ಆ ದಡದಲ್ಲಿ ಶಾಲೆಗೆ ಸ್ವಂತ ಕ್ಯಾಂಪಸ್ ಆಯಿತು. ಸೇತುವೆಯ ಹೊಟ್ಟೆಯೊಳಗೆ ಕೊಳವೆಗಳಿವೆ. ಹಾರ್ವರ್ಡಿನ ಹಬೆ ಅದರಲ್ಲೇ ನದಿ ದಾಟಿ ಆ ಕಡೆಯ ಕಟ್ಟಡಗಳನ್ನು ಬೆಚ್ಚಗಿಟ್ಟಿತು. ಆದರೆ ಹಬೆ ದಾಟಿದ ಎಷ್ಟೋ ವರ್ಷಗಳ ತನಕ ಹೆಣ್ಣುಮಕ್ಕಳು ವಿದ್ಯಾರ್ಥಿಗಳಾಗಿ ಆ ಸೇತುವೆ ದಾಟುವ ಹಾಗಿರಲಿಲ್ಲ!

ಇದನ್ನು ಹೇಳಿದ್ದಕ್ಕೆ ಗೆಳೆಯ ನಕ್ಕ. ಆಮೇಲೆ ಕೇಳಿದ, "ಮತ್ತೆ ಹೇಗೆ ಒಳಗೆ ಬಂದ್ರು?" ಆ ಪ್ರಶ್ನೆಗೆ ಆವತ್ತು ನನ್ನ ಹತ್ತಿರ ಅರ್ಧ ಉತ್ತರ ಮಾತ್ರ ಇತ್ತು. ಮನೆಗೆ ಬಂದು ಓದುತ್ತಾ ಕೂತೆ. ಓದಿದಷ್ಟೂ ನಾನು ಮರೆತಿದ್ದ ಒಂದು ಹಳೇ ವಿಷಯ ನೆನಪಾಗಿ ಮನಸ್ಸು ಚುಚ್ಚತೊಡಗಿತು. ಅದನ್ನ ಕೊನೆಗೆ ಹೇಳ್ತೀನಿ.

ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಶುರುವಾಗಿದ್ದು 1908ರಲ್ಲಿ. ಮೊದಲ ಡೀನ್ ಎಡ್ವಿನ್ ಗೇ, ಆರ್ಥಿಕ ಇತಿಹಾಸದ ಪ್ರೊಫೆಸರ್. ಶಾಲೆಗೆ ಈಗಿರುವ ರೂಪ ಬಂದದ್ದು 1919ರಲ್ಲಿ ವ್ಯಾಲೇಸ್ ಡೊನಮ್ ಡೀನ್ ಆದ ಮೇಲೆ. ಅವರು ಕಾನೂನು ಓದಿದವರು. ಕಾನೂನು ಶಾಲೆಯಲ್ಲಿ ಹಳೇ ಮೊಕದ್ದಮೆಗಳನ್ನು ಇಟ್ಟುಕೊಂಡು ವಾದ ಮಾಡಿಸುವ ಹಾಗೆ, ಇಲ್ಲಿ ಕಂಪನಿಗಳ ನಿಜವಾದ ಸಮಸ್ಯೆಗಳನ್ನು ಬರೆದಿಟ್ಟುಕೊಂಡು ಚರ್ಚೆ ಮಾಡಿಸಿದರು. ಇದೇ 'ಕೇಸ್ ಮೆಥಡ್'. ಪ್ರೊಫೆಸರ್ ಪಾಠ ಮಾಡೋದಿಲ್ಲ. "ಈ ಮ್ಯಾನೇಜರ್ ಜಾಗದಲ್ಲಿ ನೀನಿದ್ದಿದ್ರೆ ಏನು ಮಾಡ್ತಿದ್ದೆ?" ಅಂತ ಕೇಳುತ್ತಾರೆ, ಅಷ್ಟೆ. ಒಂದೊಂದು ತರಗತಿಯಲ್ಲಿ ಸುಮಾರು 90 ಜನ. ಕೈ ಎತ್ತಬೇಕು, ಮಾತಾಡಬೇಕು. ಎಷ್ಟೋ ವಿಷಯಗಳಲ್ಲಿ ಅರ್ಧದಷ್ಟು ಅಂಕ ಬರೀ ಮಾತಿಗೆ!

ಇದನ್ನ ನೆನಪಿಟ್ಟುಕೊಳ್ಳಿ. ಅಂಕ ಇರುವುದು ಮಾತಿಗೆ. ಹಾಗಾದರೆ ತರಗತಿಯಲ್ಲಿ ಯಾರು ಕೂತಿದ್ದಾರೆ, ಯಾರ ಮಾತನ್ನು ಯಾರು ಕೇಳಿಸಿಕೊಳ್ಳುತ್ತಾರೆ ಅನ್ನುವುದು ಅಲ್ಲಿ ಪಕ್ಕಕ್ಕಿಡುವ ಸಂಗತಿ ಅಲ್ಲ, ಅದೇ ಪಠ್ಯಪುಸ್ತಕ.

1937ರಲ್ಲಿ ನದಿಯ ಈ ಕಡೆ, ರ‍್ಯಾಡ್‌ಕ್ಲಿಫ್ ಎಂಬ ಹೆಣ್ಣುಮಕ್ಕಳ ಕಾಲೇಜಿನಲ್ಲಿ, ಒಂದು ವರ್ಷದ ಕೋರ್ಸ್ ಶುರುವಾಯಿತು. ಕಂಪನಿಗಳಲ್ಲಿ ಸಿಬ್ಬಂದಿ ವಿಭಾಗ ನೋಡಿಕೊಳ್ಳುವುದಕ್ಕೆ ತರಬೇತಿ. ಪಾಠ ಮಾಡುತ್ತಿದ್ದವರಲ್ಲಿ ಬಿಸಿನೆಸ್ ಸ್ಕೂಲಿನ ಪ್ರೊಫೆಸರುಗಳೇ ಇದ್ದರು. ಅವರು ನದಿ ದಾಟಿ ಈ ಕಡೆ ಬಂದು ಪಾಠ ಮಾಡಿ ವಾಪಸ್ ಹೋಗುತ್ತಿದ್ದರು. ಮೇಷ್ಟ್ರು ಅವರೇ, ಪಾಠದ ರೀತಿ ಅದೇ. ಆದರೆ ಹುಡುಗರಿಗೆ ಎರಡು ವರ್ಷ, ಕೊನೆಗೆ ಎಂಬಿಎ. ಹುಡುಗಿಯರಿಗೆ ಒಂದು ವರ್ಷ, ಕೊನೆಗೆ ಒಂದು ಸರ್ಟಿಫಿಕೇಟ್. ನಮ್ಮಲ್ಲಿ ಮನೆಯೊಳಗೆ ಊಟಕ್ಕೆ ಕರೆಯದೆ ಜಗಲಿ ಮೇಲೆ ಎಲೆ ಹಾಕುತ್ತಿದ್ದರಲ್ಲ, ಹಾಗೆ. ಅಡುಗೆ ಅದೇ, ಪಂಕ್ತಿ ಬೇರೆ.

ಇದು ಇಪ್ಪತ್ತು ವರ್ಷಕ್ಕೂ ಹೆಚ್ಚು ನಡೆಯಿತು. 1959ರಲ್ಲಿ ಬಾಗಿಲು ಸ್ವಲ್ಪ ತೆರೆಯಿತು. ಆ ಒಂದು ವರ್ಷದ ಕೋರ್ಸ್ ಮುಗಿಸಿದವರು ಎಂಬಿಎಯ ಎರಡನೇ ವರ್ಷಕ್ಕೆ ಅರ್ಜಿ ಹಾಕಬಹುದು ಅಂತಾಯಿತು. ಕೊನೆಗೆ 1963ರ ಸೆಪ್ಟೆಂಬರಿನಲ್ಲಿ ಎಂಟು ಜನ ಹೆಣ್ಣುಮಕ್ಕಳು ನೇರವಾಗಿ ಮೊದಲ ವರ್ಷದ ಎಂಬಿಎಗೆ ಸೇರಿದರು. ನೂರಾರು ಗಂಡಸರ ನಡುವೆ ಎಂಟು ಜನ. ಶಾಲೆ ಶುರುವಾಗಿ 55 ವರ್ಷ ಆಗಿತ್ತು.

ಇನ್ನು ಕಪ್ಪು ಜನರ ಕಥೆ. ಅವರಿಗೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಬೆರಳೆಣಿಕೆಯಷ್ಟು ಜನ ಬರುತ್ತಿದ್ದರು. ಅವರಲ್ಲೊಬ್ಬರು ನೇಯ್ಲರ್ ಫಿಟ್ಸ್‌ಹ್ಯೂ. ವಾಷಿಂಗ್ಟನ್ನಿನ ಹುಡುಗ, 1933ರಲ್ಲಿ ಹಾರ್ವರ್ಡ್ ಎಂಬಿಎ. ಇವತ್ತು ಆ ಡಿಗ್ರಿ ಕೈಲಿದ್ದರೆ ಕಂಪನಿಗಳು ಕೆಂಪು ಕಂಬಳಿ ಹಾಸುತ್ತವೆ. ಫಿಟ್ಸ್‌ಹ್ಯೂಗೆ ಯಾವ ದೊಡ್ಡ ಕಂಪನಿಯೂ ಕೆಲಸ ಕೊಡಲಿಲ್ಲ. ಊರಿಗೆ ವಾಪಸ್ ಹೋಗಿ ಮುದ್ರಣದ ಆರ್ಡರ್ ಹಿಡಿಯುವ ಸೇಲ್ಸ್‌ಮನ್ ಆದರು. ಅಂದರೆ ಬಾಗಿಲು ತೆಗೆದರಷ್ಟೇ ಸಾಲದು, ಬಾಗಿಲಿನ ಆಚೆ ರಸ್ತೆಯೂ ಇರಬೇಕು.

ಆ ಮನುಷ್ಯ ಸುಮ್ಮನೆ ಕೂರಲಿಲ್ಲ. ವಾಷಿಂಗ್ಟನ್ನಿನಲ್ಲಿ 'ನ್ಯೂ ನೀಗ್ರೋ ಅಲಯನ್ಸ್' ಅನ್ನುವ ಸಂಘಟನೆಯಲ್ಲಿ ದುಡಿದರು. ಕಪ್ಪು ಜನರ ಬಡಾವಣೆಯಲ್ಲಿ ವ್ಯಾಪಾರ ಮಾಡಿ, ಅವರಿಗೇ ಕೆಲಸ ಕೊಡದ ಅಂಗಡಿಗಳ ಮುಂದೆ ಫಲಕ ಹಿಡಿದು ನಿಲ್ಲುವುದು ಅದರ ಕೆಲಸ. ನಮಗೆ ಕೆಲಸ ಇಲ್ಲದ ಕಡೆ ನಮ್ಮ ದುಡ್ಡೂ ಇಲ್ಲ ಅನ್ನುವ ಸರಳ ಲೆಕ್ಕ. ಒಂದು ದಿನಸಿ ಕಂಪನಿ ಕೋರ್ಟಿಗೆ ಹೋಯಿತು. 1938ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಸಂಘಟನೆಯ ಪರವಾಗಿ ತೀರ್ಪು ಕೊಟ್ಟಿತು.

ಜೊತೆಗೆ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಫಿಟ್ಸ್‌ಹ್ಯೂ ಮೂವತ್ತು ವರ್ಷ ವ್ಯಾಪಾರಶಾಸ್ತ್ರ ಕಲಿಸಿದರು. (ಹಾರ್ವರ್ಡ್ ಅಲ್ಲ, ಹೊವಾರ್ಡ್. ಕಪ್ಪು ಜನರಿಗಾಗಿ ಕಟ್ಟಿದ, ವಾಷಿಂಗ್ಟನ್ನಿನ ಹೆಸರಾಂತ ವಿಶ್ವವಿದ್ಯಾಲಯ.) 1965ರಲ್ಲಿ ಪೆಪ್ಸಿ ಕಂಪನಿ ಅವರನ್ನು ಕರೆಸಿಕೊಂಡು ವೈಸ್ ಪ್ರೆಸಿಡೆಂಟ್ ಮಾಡಿತು. ಡಿಗ್ರಿ ತೆಗೆದುಕೊಂಡು 32 ವರ್ಷ ಆದ ಮೇಲೆ!

ಹೊವಾರ್ಡಿನಲ್ಲಿ ಅವರಿಗೊಬ್ಬಳು ಶಿಷ್ಯೆ ಇದ್ದಳು, ಲಿಲಿಯನ್ ಲಿಂಕನ್. ವರ್ಜೀನಿಯಾದ ಹಳ್ಳಿಯ ರೈತರ ಮನೆಯ ಹುಡುಗಿ. ಹೈಸ್ಕೂಲ್ ಮುಗಿಸಿ ನ್ಯೂಯಾರ್ಕಿಗೆ ಹೋಗಿ ಮನೆಗೆಲಸ ಮಾಡಿದಳು. ಕಾಲೇಜು ಸೇರುವಾಗ ವಯಸ್ಸು 22. ಹಾರ್ವರ್ಡಿಗೆ ಅರ್ಜಿ ಹಾಕು ಅಂತ ಹಿಂದೆ ಬಿದ್ದವರು ಫಿಟ್ಸ್‌ಹ್ಯೂ. 1967ರಲ್ಲಿ ಆಕೆ ಸೇತುವೆಯ ಆ ಕಡೆಗೆ ಸೇರಿದಾಗ ಆ ಬ್ಯಾಚಿನಲ್ಲಿ ಕಪ್ಪು ವಿದ್ಯಾರ್ಥಿಗಳು ಆರೇ ಜನ. ಕಪ್ಪು ಹೆಣ್ಣುಮಗಳು ಆಕೆ ಒಬ್ಬಳೇ.

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆ ಆಯಿತು. ಊರೂರಲ್ಲಿ ಬೆಂಕಿ. ಅದೇ ವರ್ಷ ಲಿಲಿಯನ್ ಮತ್ತು ನಾಲ್ವರು ಸಹಪಾಠಿಗಳು ಸೇರಿ ಆಫ್ರಿಕನ್ ಅಮೆರಿಕನ್ ವಿದ್ಯಾರ್ಥಿ ಸಂಘ ಕಟ್ಟಿದರು. ಡೀನ್ ಜಾರ್ಜ್ ಪಿ. ಬೇಕರ್ ಅವರ ಹತ್ತಿರ ಹೋಗಿ, ಕಪ್ಪು ವಿದ್ಯಾರ್ಥಿಗಳು ಇಷ್ಟು ಕಡಿಮೆ ಯಾಕೆ, ಹೆಚ್ಚಾಗಬೇಕು ಅಂತ ಕೂತರು. "ಅರ್ಹರು ಅರ್ಜಿ ಹಾಕ್ತಾ ಇಲ್ಲ" ಅನ್ನುವ ಉತ್ತರ ಎಲ್ಲಾ ಕಾಲದಲ್ಲೂ ಎಲ್ಲಾ ಕಚೇರಿಗಳಲ್ಲೂ ಸಿದ್ಧವಾಗಿಯೇ ಇರುತ್ತದೆ. ಇವರು ಅದಕ್ಕೆ ಅವಕಾಶ ಕೊಡದೆ ಹುಡುಕುವ ಕೆಲಸಕ್ಕೆ ತಾವೇ ಇಳಿದರು, ಕಪ್ಪು ಕಾಲೇಜುಗಳಲ್ಲಿ ವಿಚಾರಿಸಿದರು. ಮುಂದಿನ ಬ್ಯಾಚಿನಲ್ಲಿ ಸಂಖ್ಯೆ ಆರರಿಂದ 27 ಆಯಿತು. ಒಂದೇ ವರ್ಷದಲ್ಲಿ ದೇಶದಲ್ಲಿ ಪ್ರತಿಭೆ ನಾಲ್ಕು ಪಟ್ಟು ಹೆಚ್ಚಾಯಿತೇ? ಇಲ್ಲ. ಹುಡುಕುವವರು ಹುಡುಕಿದರು, ಅಷ್ಟೇ.

ಲಿಲಿಯನ್ 1969ರಲ್ಲಿ ಪಾಸಾದರು. ಆ ಶಾಲೆಯಿಂದ ಎಂಬಿಎ ಪಡೆದ ಮೊದಲ ಕಪ್ಪು ಮಹಿಳೆ. 1976ರಲ್ಲಿ ತಮ್ಮ ಮನೆಯ ಗ್ಯಾರೇಜಿನಲ್ಲಿ ಕಟ್ಟಡ ಸ್ವಚ್ಛಗೊಳಿಸುವ ಕಂಪನಿ ಶುರು ಮಾಡಿ, 1200 ಜನರಿಗೆ ಕೆಲಸ ಕೊಡುವ ಮಟ್ಟಕ್ಕೆ ಬೆಳೆಸಿದರು. ಗ್ಯಾರೇಜಿನಲ್ಲಿ ಕಂಪನಿ ಕಟ್ಟಿದವರ ಕಥೆ ಅಂದ ತಕ್ಷಣ ನಮ್ಮಂಥ ಸಾಫ್ಟ್‌ವೇರಿನವರಿಗೆ ನಾಲ್ಕು ಗಂಡಸರ ಹೆಸರು ನೆನಪಾಗುತ್ತೆ. ಈ ಗ್ಯಾರೇಜಿನ ಹೆಸರು ನಾನಂತೂ ಇಲ್ಲಿ ಇಷ್ಟು ವರ್ಷ ಇದ್ದೂ ಕೇಳಿರಲಿಲ್ಲ.

ಇಲ್ಲಿಗೆ ಸಿನಿಮಾ ಮುಗಿಸಿಬಿಡಬಹುದಿತ್ತು. ಬಾಗಿಲು ತೆರೀತು, ಎಲ್ರೂ ಒಳಗೆ ಬಂದ್ರು, ಶುಭಂ! ಆದರೆ ಒಳಗೆ ಬಂದ ಮೇಲೆ ಏನಾಯಿತು ಅನ್ನುವುದೇ ನನಗೆ ಹೆಚ್ಚು ಕುತೂಹಲದ ಭಾಗ.

2010ರ ಜುಲೈಯಲ್ಲಿ ನಿತಿನ್ ನೋಹ್ರಿಯಾ ಡೀನ್ ಆದರು. ಭಾರತದಲ್ಲಿ ಹುಟ್ಟಿದವರು, ಬಾಂಬೆ ಐಐಟಿಯಲ್ಲಿ ಓದಿದವರು. ಆ ಹೊತ್ತಿಗೆ ತರಗತಿಯಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಹೆಣ್ಣುಮಕ್ಕಳು. ಹುಡುಗರಷ್ಟೇ ಚೆನ್ನಾಗಿ ಓದಿ ಒಳಗೆ ಬಂದವರು. ಆದರೂ ಅಂಕಗಳಲ್ಲಿ ಹಿಂದೆ ಬೀಳುತ್ತಿದ್ದರು, ಉನ್ನತ ಗೌರವ ಪಡೆಯುವ 'ಬೇಕರ್ ಸ್ಕಾಲರ್'ಗಳ ಪಟ್ಟಿಯಲ್ಲಿ ತೀರಾ ಕಡಿಮೆ ಇರುತ್ತಿದ್ದರು. ಯಾಕೆ? ಮತ್ತೆ ಆ ಅರ್ಧ ಅಂಕ. ಮಾತಿನ ಅಂಕ. ನೂರಾರು ಮಾತುಗಳಲ್ಲಿ ಯಾರು ಏನು ಹೇಳಿದರು ಅಂತ ಪ್ರೊಫೆಸರ್ ತರಗತಿ ಮುಗಿದ ಮೇಲೆ ನೆನಪಿನಿಂದ ಅಂಕ ಹಾಕಬೇಕು. ನೆನಪು ಅನ್ನೋದು ಪಕ್ಷಪಾತಿ. ದೊಡ್ಡ ದನಿ ನೆನಪಿರುತ್ತೆ, ಮೊದಲು ಎತ್ತಿದ ಕೈ ನೆನಪಿರುತ್ತೆ.

ಶಾಲೆ ಏನು ಮಾಡಿತು ಗೊತ್ತಾ? ತರಗತಿಗಳಲ್ಲಿ ಲಿಪಿಕಾರರನ್ನು ಕೂರಿಸಿತು, ಯಾರು ಏನು ಹೇಳಿದರು ಅಂತ ಬರೆದುಕೊಳ್ಳೋಕೆ. ನೀವು ಯಾರನ್ನು ಎಷ್ಟು ಸಲ ಮಾತಾಡಿಸುತ್ತೀರಿ, ಯಾರಿಗೆ ಎಷ್ಟು ಅಂಕ ಕೊಡುತ್ತೀರಿ ಅಂತ ಪ್ರೊಫೆಸರುಗಳಿಗೆ ಲೆಕ್ಕ ತೋರಿಸುವ ಸಾಫ್ಟ್‌ವೇರ್ ಕೊಟ್ಟಿತು. ಕೈ ಎತ್ತೋದು ಹೇಗೆ ಅಂತ ಹೆಣ್ಣುಮಕ್ಕಳಿಗೆ ತರಬೇತಿಯನ್ನೂ ಮಾಡಿತು! 2013ರಲ್ಲಿ ಪಾಸಾದ ಬ್ಯಾಚಿನಲ್ಲಿ ಬೇಕರ್ ಸ್ಕಾಲರುಗಳಲ್ಲಿ ಹೆಣ್ಣುಮಕ್ಕಳು ಶೇ. 40ರ ಹತ್ತಿರ ಬಂದಿದ್ದರು.

ಸಾಫ್ಟ್‌ವೇರ್ ಕೆಲಸ ಮಾಡುವವರಿಗೆ ಇದು ತಕ್ಷಣ ಅರ್ಥ ಆಗುತ್ತೆ. ಲಾಗ್ ಇಲ್ಲದೆ ಬಗ್ ಹಿಡಿಯೋಕಾಗಲ್ಲ. "ನನ್ನ ಕೋಡ್ ಸರಿಯಾಗೇ ಇದೆ" ಅಂತ ಎಲ್ಲಾ ಪ್ರೋಗ್ರಾಮರುಗಳೂ ಹೇಳ್ತಾರೆ. ಲಾಗ್ ತೆಗೆದು ನೋಡಿದಾಗ ಗೊತ್ತಾಗುತ್ತೆ ಬಣ್ಣ. ಆ ಪ್ರೊಫೆಸರುಗಳು ಕೆಟ್ಟವರಾಗಿರಲಿಲ್ಲ. ಅವರ ಹತ್ತಿರ ಲಾಗ್ ಇರಲಿಲ್ಲ.

ಎಲ್ಲರಿಗೂ ಇದು ಹಿಡಿಸಲಿಲ್ಲ. ನಮ್ಮ ಮೇಲೆ ಪ್ರಯೋಗ ಮಾಡ್ತಿದ್ದೀರಿ ಅಂತ ಕೆಲವು ವಿದ್ಯಾರ್ಥಿಗಳು ಸಿಟ್ಟಾದರು. ಇನ್ನು ಕೆಲವರು ಇನ್ನೊಂದು ಪ್ರಶ್ನೆ ಎತ್ತಿದರು: ಗಂಡು ಹೆಣ್ಣಿನ ಲೆಕ್ಕ ಹಾಕಿದಿರಿ, ದುಡ್ಡಿನ ಲೆಕ್ಕ ಯಾರು ಹಾಕೋರು? ಶ್ರೀಮಂತರ ಮಕ್ಕಳ ಪಾರ್ಟಿ ಪ್ರವಾಸಗಳೇ ಬೇರೆ, ಸಾಲ ಮಾಡಿ ಓದುವವರ ಬದುಕೇ ಬೇರೆ. ಒಂದು ಅಸಮಾನತೆಗೆ ಟಾರ್ಚ್ ಬಿಟ್ಟರೆ ಪಕ್ಕದ್ದು ಇನ್ನಷ್ಟು ಕತ್ತಲಾಗಿ ಕಾಣುತ್ತೆ.

2014ರ ಜನವರಿಯಲ್ಲಿ ನೋಹ್ರಿಯಾ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹಳೇ ವಿದ್ಯಾರ್ಥಿನಿಯರ ಮುಂದೆ ಬಹಿರಂಗವಾಗಿ ಕ್ಷಮೆ ಕೇಳಿದರು. ಶಾಲೆ ನಿಮ್ಮನ್ನು ಹೊರಗಿನವರ ಥರ ನಡೆಸಿಕೊಂಡಿತು ಅಂತ ಒಪ್ಪಿಕೊಂಡರು. ಜೊತೆಗೆ ಒಂದು ಲೆಕ್ಕವನ್ನೂ ಹೇಳಿದರು: ಶಾಲೆಯ ಕೇಸುಗಳಲ್ಲಿ ಹೆಣ್ಣು ಮುಖ್ಯಪಾತ್ರವಾಗಿರುವುದು ಶೇ. 9ರಷ್ಟು ಮಾತ್ರ, ಐದು ವರ್ಷದಲ್ಲಿ ಅದನ್ನು ಶೇ. 20ಕ್ಕೆ ಏರಿಸುತ್ತೇವೆ ಅಂತ. ಆ ಕೇಸುಗಳು ಹಾರ್ವರ್ಡಿನಲ್ಲಷ್ಟೇ ಅಲ್ಲ, ಪ್ರಪಂಚದ ಎಷ್ಟೋ ಬಿಸಿನೆಸ್ ಶಾಲೆಗಳಲ್ಲಿ ಪಾಠ ಆಗುತ್ತವೆ. ಕಥೆಯ ನಾಯಕ ಯಾವಾಗಲೂ ಒಂದೇ ಥರದವನಾದರೆ ಓದುವವನ ತಲೆಯಲ್ಲಿ ನಾಯಕನ ಚಿತ್ರವೂ ಒಂದೇ ಆಗುತ್ತದೆ. ಕಪ್ಪು ನಾಯಕರಿರುವ ಕೇಸುಗಳ ಸ್ಥಿತಿ ಇನ್ನೂ ಕಡೆ. ಅಲ್ಲಿ ಪಾಠ ಮಾಡುತ್ತಿದ್ದ ಸ್ಟೀವನ್ ರಾಜರ್ಸ್ ಇದನ್ನು ವರ್ಷಗಟ್ಟಲೆ ಎತ್ತಿ ಹೇಳಿ, ಅಂಥ ಕೇಸುಗಳನ್ನು ತಾವೇ ಬರೆದು, 2019ರಲ್ಲಿ ಬೇಸತ್ತು ಹೊರನಡೆದರು. 2020ರ ಜೂನಿನಲ್ಲಿ ನೋಹ್ರಿಯಾ ಇನ್ನೊಂದು ಕ್ಷಮೆ ಕೇಳಿದರು, ಈ ಸಲ ಕಪ್ಪು ವಿದ್ಯಾರ್ಥಿಗಳು, ಅಧ್ಯಾಪಕರು, ಸಿಬ್ಬಂದಿಯ ಹತ್ತಿರ.

ನಮ್ಮ ದೇಶಕ್ಕೂ ಈ ಕಥೆಗೂ ಸಂಬಂಧ ಇದೆ. 1961ರಲ್ಲಿ ಅಹಮದಾಬಾದ್ ಐಐಎಂ ಹುಟ್ಟಿದಾಗ ಅದಕ್ಕೆ ಕೈಹಿಡಿದು ನಡೆಸಿದ್ದು ಇದೇ ಶಾಲೆ. ಕೇಸ್ ಮೆಥಡ್ ಅಲ್ಲಿಗೆ ಹೋದದ್ದು ಇಲ್ಲಿಂದಲೇ. ಅಲ್ಲಿಂದ ಶುರುವಾದ ಸಾಲಿನಲ್ಲೇ 1973ರಲ್ಲಿ ನಮ್ಮ ಬೆಂಗಳೂರಿನ ಐಐಎಂ ಬಂತು. ಪಾಠದ ರೀತಿ ಜೊತೆ ಪ್ರಶ್ನೆಯೂ ಬಂತು: ತರಗತಿಯಲ್ಲಿ ಯಾರಿದ್ದಾರೆ? ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಶೇ. 27ರ ಮೀಸಲಾತಿ ಕಾನೂನು 2006ರಲ್ಲಿ ಬಂದು, 2008ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2019ರಲ್ಲಿ ಅಧ್ಯಾಪಕರ ಹುದ್ದೆಗೂ ಮೀಸಲಾತಿ ಅಂತ ಕಾನೂನಾದಾಗ ಐಐಎಂಗಳು ತಮಗೆ ವಿನಾಯಿತಿ ಕೊಡಿ ಅಂತ ಕೇಳಿಕೊಂಡವು.

ಅಮೆರಿಕದಲ್ಲಿ ಗಾಳಿ ಈಗ ತಿರುಗಿದೆ. 2023ರ ಜೂನ್ 29ರಂದು ಸುಪ್ರೀಂ ಕೋರ್ಟ್, ಪ್ರವೇಶ ಕೊಡುವಾಗ ಜನಾಂಗವನ್ನು ಲೆಕ್ಕಕ್ಕೆ ತಗೋಬಾರದು ಅಂದಿತು. ಆ ಮೊಕದ್ದಮೆಯಲ್ಲಿ ಪ್ರತಿವಾದಿ ಹಾರ್ವರ್ಡೇ. ವಾದಿಗಳು ಮುಂದಿಟ್ಟ ಉದಾಹರಣೆ ಏಷ್ಯನ್ ಅಮೆರಿಕನ್ ವಿದ್ಯಾರ್ಥಿಗಳದ್ದು, ಅಂದರೆ ನಮ್ಮವರದ್ದೂ. ಇನ್ನೊಂದು ಸಂಗತಿ: ಬಿಸಿನೆಸ್ ಶಾಲೆಗಳಲ್ಲಿ ಕಪ್ಪು, ಹಿಸ್ಪಾನಿಕ್, ಮೂಲನಿವಾಸಿ ಪ್ರೊಫೆಸರುಗಳು ತೀರಾ ಕಡಿಮೆ ಅಂತ 1994ರಲ್ಲಿ 'ಪಿಎಚ್‌ಡಿ ಪ್ರಾಜೆಕ್ಟ್' ಅನ್ನುವ ಯೋಜನೆ ಶುರುವಾಗಿತ್ತು. ಆಗ ದೇಶದಲ್ಲೆಲ್ಲಾ ಸೇರಿ ಅಂಥವರು ಮುನ್ನೂರೂ ಇರಲಿಲ್ಲ. ಆಮೇಲೆ ಸಾವಿರ ದಾಟಿದರು. 2025ರ ಮಾರ್ಚಿನಲ್ಲಿ, ಇದರ ಜೊತೆ ಕೈಜೋಡಿಸಿದ್ದಕ್ಕೇ 45 ವಿಶ್ವವಿದ್ಯಾಲಯಗಳ ಮೇಲೆ ಕೇಂದ್ರದ ಶಿಕ್ಷಣ ಇಲಾಖೆ ತನಿಖೆ ಶುರು ಮಾಡಿತು.

ಒಬ್ಬನಿಗೆ ಅವಕಾಶ ಕೊಟ್ಟರೆ ಇನ್ನೊಬ್ಬನಿಗೆ ಅನ್ಯಾಯ ಆಗುತ್ತಲ್ಲ ಅನ್ನುವ ವಾದವನ್ನ ನಾನು ತಳ್ಳಿಹಾಕಲ್ಲ. ಅಂಕ ಚೆನ್ನಾಗಿ ಬಂದೂ ಸೀಟು ಸಿಗದ ಹುಡುಗನ ನೋವು ನಿಜವಾದದ್ದೇ. ಆದರೆ ಆ ಎಂಟು ಹೆಣ್ಣುಮಕ್ಕಳನ್ನು ಮತ್ತು ಆರು 27 ಆದದ್ದನ್ನು ನೋಡಿದ ಮೇಲೆ 'ಮೆರಿಟ್' ಅನ್ನುವ ಪದವನ್ನು ಮೊದಲಿನಷ್ಟು ಸಲೀಸಾಗಿ ಹೇಳೋಕೆ ನಾಲಿಗೆ ಏಳೋದಿಲ್ಲ. ಇನ್ನೊಂದು ಮಾತು. ನಾವು ಇಷ್ಟೊಂದು ಜನ ಇಲ್ಲಿ ಇರುವುದಕ್ಕೆ ಕಾರಣವಾದ 1965ರ ವಲಸೆ ಕಾನೂನು ಬಂದದ್ದು, ಕಪ್ಪು ಜನ ಬೀದಿಗಿಳಿದು ಹೋರಾಡಿದ ಆ ಕಾಲದ ಗಾಳಿಯಲ್ಲೇ. ಅದಕ್ಕೂ ಮುಂಚೆ ಭಾರತಕ್ಕೆ ಸಿಗುತ್ತಿದ್ದ ಕೋಟಾ ವರ್ಷಕ್ಕೆ ನೂರು. ನಾವು ಬರೀ ಮೆರಿಟ್ಟಿನಿಂದ ಬಂದವರು ಅಂತ ಎದೆ ತಟ್ಟಿಕೊಳ್ಳೋ ಮುಂಚೆ ಇದನ್ನೊಂದು ಸಲ ನೆನೆಸಿಕೊಳ್ಳಬೇಕು.

ಈಗ ಆ ಹಳೇ ವಿಷಯ. ಹಾಸ್ಟೆಲಿನಲ್ಲಿ ನಮ್ಮ ಪಕ್ಕದ ರೂಮಿನಲ್ಲಿ ಒಬ್ಬ ಹುಡುಗ ಇದ್ದ. ಕನ್ನಡ ಮಾಧ್ಯಮದಿಂದ ಬಂದವನು, ಸಿಇಟಿಯಲ್ಲಿ ಮೀಸಲಾತಿ ಸೀಟು. ಬರೆಯೋ ಪರೀಕ್ಷೆಯಲ್ಲಿ ಪರವಾಗಿಲ್ಲ, ವೈವಾ ಅಂದ್ರೆ ಬೆವರು. ಇಂಗ್ಲಿಷ್ ಬಾಯಿಗೆ ಬರುತ್ತಿರಲಿಲ್ಲ. ನಾವು ಅವನನ್ನ ಹೆಸರು ಹಿಡಿದು ಕರೆಯುತ್ತಲೇ ಇರಲಿಲ್ಲ. 'ಕೆಟಗರಿ' ಅಂತಿದ್ವಿ. ಅವನೂ ನಗುತ್ತಿದ್ದ. ನಗುತ್ತಿದ್ದ ಅಂತ ಅವತ್ತು ಅಂದುಕೊಂಡಿದ್ದೆ.

ಆಮೇಲೆ ನಾನು ಈ ದೇಶಕ್ಕೆ ಬಂದೆ. ಮೊದಲ ವರ್ಷ ಆಫೀಸಿನ ಮೀಟಿಂಗುಗಳಲ್ಲಿ ನನ್ನ ಬಾಯಿಂದ ಮಾತು ಹೊರಡುತ್ತಿರಲಿಲ್ಲ. ಉತ್ತರ ಗೊತ್ತಿರುತ್ತಿತ್ತು. ವಾಕ್ಯ ಮನಸ್ಸಿನಲ್ಲಿ ಜೋಡಿಸಿಕೊಳ್ಳುವಷ್ಟರಲ್ಲಿ ಇನ್ಯಾರೋ ಹೇಳಿ ಮುಗಿಸಿರುತ್ತಿದ್ದರು. ಆ ವರ್ಷದ ಅಪ್ರೈಸಲ್‌ನಲ್ಲಿ ಮ್ಯಾನೇಜರ್ ಬರೆದಿದ್ದು: ಕೆಲಸ ಚೆನ್ನಾಗಿದೆ, ಆದರೆ ಚರ್ಚೆಯಲ್ಲಿ ಭಾಗವಹಿಸುವುದಿಲ್ಲ. ಅದನ್ನ ಓದಿ ಮೈ ಉರಿದಿತ್ತು. ಇದು ಅನ್ಯಾಯ ಅಂತ ರೂಮ್‌ಮೇಟ್ ಹತ್ತಿರ ಒಂದು ಗಂಟೆ ಕೂಗಾಡಿದ್ದೆ. ಅವತ್ತು ಪಕ್ಕದ ರೂಮಿನ ಹುಡುಗ ನೆನಪಾಗಲಿಲ್ಲ. ಮೊನ್ನೆ, ಆ ಬೇಕರ್ ಸ್ಕಾಲರುಗಳ ಕಥೆ ಓದುವಾಗ ನೆನಪಾದ. ವೈವಾ ರೂಮಿನ ಬಾಗಿಲಲ್ಲಿ ಕರ್ಚೀಫು ಹಿಡಿದುಕೊಂಡು ನಿಂತಿದ್ದವನು.

ಗೆಳೆಯನಿಗೆ ಫೋನ್ ಮಾಡಿ ಕೇಳಿದೆ, ಅವನು ಈಗ ಎಲ್ಲಿದ್ದಾನೆ ಅಂತ. ಹುಬ್ಬಳ್ಳಿ ಕಡೆ ಒಂದು ಕಾಲೇಜಿನಲ್ಲಿ ಪಾಠ ಮಾಡ್ತಿದ್ದಾನಂತೆ. ವಿದ್ಯಾರ್ಥಿಗಳಿಗೆ ವೈವಾದಲ್ಲಿ ಕನ್ನಡದಲ್ಲೂ ಉತ್ತರ ಹೇಳಬಹುದು ಅಂತ ಹೇಳ್ತಾನಂತೆ. ನಂಬರ್ ಇಸ್ಕೊಂಡಿದ್ದೀನಿ. ಇನ್ನೂ ಫೋನ್ ಮಾಡಿಲ್ಲ. ಏನಂತ ಶುರು ಮಾಡೋದು ಅಂತ ಗೊತ್ತಾಗ್ತಿಲ್ಲ. ಮೊದಲು ಹೆಸರು ಹಿಡಿದು ಕರೀಬೇಕು, ಅಷ್ಟು ಮಾತ್ರ ಗೊತ್ತು.